'ತೇಪೆಟ್ಟಿ' ಅಂದರೆ ನಗುತ್ತಾರೆ. ಇದು ಕನ್ನಡವಾ, ಮಲಯಾಳವಾ?

ಅರಳಿಕಟ್ಟೆ (ಕಾಞಂಗಾಡು)

ಸಣ್ಣ ಪ್ರಶ್ನೆ. ಆದರೆ ಮನೆಯಲ್ಲಿ ಎರಡು ದಿನದಿಂದ ಇದೇ ಗಲಾಟೆ.

ನಮ್ಮದು ಕನ್ನಡ ಮನೆ. ಅಜ್ಜನ ಕಾಲದಿಂದ ಕೇರಳದ ಕಾಸರಗೋಡು ಜಿಲ್ಲೆಯ ಹೊಸದುರ್ಗದ ಕಡೆ ಇದ್ದೇವೆ. ಬಟ್ಟೆಗೆ ಇಸ್ತ್ರಿ ಹಾಕುವ ಪೆಟ್ಟಿಗೆಗೆ ನಮ್ಮಲ್ಲಿ ಎಲ್ಲರೂ 'ತೇಪು ಪೆಟ್ಟಿ' ಅನ್ನುತ್ತೇವೆ. ಅವಸರದಲ್ಲಿ ಅದು 'ತೇಪೆಟ್ಟಿ'.

ಮಗಳು ಈಗ ಬೆಂಗಳೂರಿನ ಪಿಜಿಯಲ್ಲಿದ್ದಾಳೆ. ಮೊನ್ನೆ ರೂಮಿನವಳ ಹತ್ತಿರ 'ತೇಪೆಟ್ಟಿ ಇದೆಯಾ' ಅಂತ ಕೇಳಿದಳಂತೆ. ಮಂಡ್ಯದ ಆ ಹುಡುಗಿ ಸೂಜಿದಾರದ ಡಬ್ಬಿ ತಂದು ಕೈಗಿಟ್ಟಳಂತೆ! ಅವಳಿಗೆ ತೇಪೆ ಅಂದರೆ ಹರಿದ ಬಟ್ಟೆಗೆ ಹಾಕುವ ತುಂಡು. ಆಮೇಲೆ ವಿಷಯ ಗೊತ್ತಾಗಿ ಪಿಜಿಯಲ್ಲೆಲ್ಲ ನಗು. 'ಅದು ಮಲಯಾಳ ಕಣೇ, ಕನ್ನಡದಲ್ಲಿ ಇಸ್ತ್ರಿ ಪೆಟ್ಟಿಗೆ ಅಂತಾರೆ' ಅಂತ ಪಾಠ ಬೇರೆ.

ಮಗಳು ಫೋನ್ ಮಾಡಿ, 'ಅಪ್ಪಾ, ನಾವು ಇಷ್ಟು ವರ್ಷ ತಪ್ಪು ಕನ್ನಡ ಮಾತಾಡ್ತಾ ಇದ್ದೆವಾ?' ಅಂತ ಕೇಳಿದಳು. ಸ್ವಲ್ಪ ಬೇಜಾರಾಯಿತು. ನಿಮ್ಮ ಕಡೆ ಏನನ್ನುತ್ತಾರೆ? ತೇಪು ಎಲ್ಲಿಂದ ಬಂತು? ಅಷ್ಟು ಶುದ್ಧ ಕನ್ನಡ ಅನ್ನುವ ಇಸ್ತ್ರಿಯಾದರೂ ಎಲ್ಲಿಂದ ಬಂತು?

ಪೆರ್ಲದವ

ಇಸ್ತ್ರಿ ಪೆಟ್ಟಿಗೆ. ನಮ್ಮಲ್ಲಿ ತೇಪು ಗೀಪು ಇಲ್ಲ. ನೀವು ಚಂದ್ರಗಿರಿ ಹೊಳೆ ದಾಟಿದವರು, ನಿಮ್ಮ ಕನ್ನಡಕ್ಕೆ ಆಚೆಯ ಮಲಯಾಳದ ಒಗ್ಗರಣೆ ಜಾಸ್ತಿ.

ಅರಳಿಕಟ್ಟೆ (ಕಾಞಂಗಾಡು)

ಪೆರ್ಲದವರೇ, ಕಾಸರಗೋಡು ಪೇಟೆಯ ಮೀನಿನ ಮಾರ್ಕೆಟ್ಟಿನಲ್ಲಿ ನೀವೂ ಮಲಯಾಳದಲ್ಲಿ 'ಎತ್ರ' (ಎಷ್ಟು) ಅಂತಲೇ ಕೇಳುವುದು ಅಲ್ವಾ?

ಪೆರ್ಲದವ

ನಾನು ಮೀನು ತಿನ್ನುವುದಿಲ್ಲ ಮಾರಾಯರೇ.

ಕುಂಬಳೆ ಕಡಲು

ನಮ್ಮಮ್ಮನ ಮಾತು ತುಳು, ಅಪ್ಪನದು ಕನ್ನಡ, ಪಕ್ಕದ ಮನೆಯವರು ಬ್ಯಾರಿ, ಹಿಂದಿನ ಮನೆಯವರು ಕೊಂಕಣಿ. ಸುಮ್ನೆ ಅಲ್ಲ ನಮ್ಮೂರಿಗೆ ಸಪ್ತಭಾಷೆಗಳ ಊರು ಅನ್ನುವುದು. ಬೇರೆ ಸಾಮಾನಿಗೆಲ್ಲ ನಾಲ್ಕು ಹೆಸರು. ಇದಕ್ಕೆ ಮಾತ್ರ ಎಲ್ಲರೂ ಇಸ್ತ್ರಿಯೇ. ಶಾಲೆಯಲ್ಲಿ ಮಲಯಾಳದ ಮಕ್ಕಳು 'ಇಸ್ತಿರಿ' ಅನ್ನುತ್ತಿದ್ದರು, ಅಷ್ಟೇ ವ್ಯತ್ಯಾಸ. ಅಂದರೆ ಮಲಯಾಳದವರಿಗೂ ಇಸ್ತಿರಿ ಗೊತ್ತು, ತೇಪ್ಪೂ ಗೊತ್ತು.

ಹಳೇ ಮೇಷ್ಟ್ರು (ನೀರ್ಚಾಲು)

ಮಗಳಿಗೆ ಧೈರ್ಯ ಹೇಳಿ. ಅವಳು ಆಡಿದ್ದು ತಪ್ಪಲ್ಲ.

'ತೇಯು' ಎಂಬ ಕ್ರಿಯಾಪದ ಅಪ್ಪಟ ಕನ್ನಡ. ಗಂಧ ತೇಯುತ್ತೇವೆ. ಸಾಣೆಕಲ್ಲಿನ ಮೇಲೆ ಕೊರಡು ಹಿಡಿದು ಉಜ್ಜುವುದೇ ತೇಯುವುದು. ಉಜ್ಜಿ ಉಜ್ಜಿ ಸವೆದದ್ದಕ್ಕೂ 'ತೇದುಹೋಯಿತು' ಅನ್ನುತ್ತೇವೆ. ಇದೇ ಬೇರು ತಮಿಳಿನಲ್ಲಿ ಇದೆ, ಮಲಯಾಳದಲ್ಲಿ ಇದೆ. ಒಬ್ಬರಿಂದ ಇನ್ನೊಬ್ಬರು ಸಾಲ ತಂದದ್ದಲ್ಲ, ಅಣ್ಣತಮ್ಮಂದಿರು ಪಾಲು ಮಾಡಿಕೊಂಡದ್ದು.

ಆದರೆ ಒಂದು ಮಾತು ಒಪ್ಪಬೇಕು. ಆ ಬೇರನ್ನು ಬಟ್ಟೆಗೆ ಹೊಂದಿಸಿದ್ದು ಅವರು, ನಾವಲ್ಲ. ಮಲಯಾಳದಲ್ಲಿ 'ತೇಕ್ಕುಗ' ಅಂದರೆ ಉಜ್ಜು, ಸವರು, ಬಳಿ, ಎಲ್ಲವೂ. ಅದರಿಂದ 'ತೇಪ್ಪು' ಎಂಬ ನಾಮಪದ. ಅವರು ಪಕಾರಕ್ಕೆ ಒತ್ತು ಕೊಟ್ಟು 'ತೇಪ್ಪುಪೆಟ್ಟಿ' ಅನ್ನುತ್ತಾರೆ. ನಿಮ್ಮ ಮನೆಯವರು ಕನ್ನಡದ ಬಾಯಿಗೆ ತಕ್ಕಂತೆ ಒತ್ತು ಬಿಟ್ಟು 'ತೇಪು' ಮಾಡಿಕೊಂಡಿದ್ದೀರಿ. ಹೀಗಾಗಿ ಬೇರು ನಿಮ್ಮದೇ, ಹೊಲಿಗೆ ಆಚೆಯದು.

ಇನ್ನು ಇಸ್ತ್ರಿ? ಅದು ಕನ್ನಡವೂ ಅಲ್ಲ, ಸಂಸ್ಕೃತವೂ ಅಲ್ಲ. ಪೋರ್ಚುಗೀಸ್. ನಗುವವರು ಸ್ವಲ್ಪ ನೋಡಿಕೊಂಡು ನಗಬೇಕು.

ವಿಸ್ತಾರವಾದಿ

ಮೇಷ್ಟ್ರೇ ಕ್ಷಮಿಸಿ. ಸಂಸ್ಕೃತದಲ್ಲಿ 'ಸ್ತೃ' ಎಂಬ ಧಾತು ಇದೆ. ಹರಡು, ಹಾಸು ಎಂದು ಅರ್ಥ. ವಿಸ್ತಾರ, ಆಸ್ತರಣ ಎಲ್ಲ ಅದರಿಂದಲೇ. ಬಟ್ಟೆಯನ್ನು ಹರಡಿ ಹಾಸಿ ನೆರಿಗೆ ತೆಗೆಯುವುದು ಇಸ್ತ್ರಿ. ಇಷ್ಟು ಕಣ್ಣಿಗೆ ಕಾಣುವಾಗ ಏಳು ಸಮುದ್ರ ದಾಟಿ ಯಾಕೆ ಹೋಗಬೇಕು?

ಕೊಂಕಣಿ ಮಾಯಿ (ಮಂಜೇಶ್ವರ)

ನಾವು ಸಮುದ್ರ ದಾಟಿ ಹೋಗಲಿಲ್ಲ, ಅವರೇ ದಾಟಿ ಬಂದರು. 1498ರಲ್ಲಿ ಕೋಝಿಕ್ಕೋಡಿಗೆ, 1510ರಲ್ಲಿ ಗೋವೆಗೆ. ಗೋವೆಯಲ್ಲಿ 1961ರವರೆಗೂ ಇದ್ದರು. ನಾನೂರೈವತ್ತು ವರ್ಷ ಇದ್ದವರು ನಾಲ್ಕು ಮಾತು ಬಿಟ್ಟು ಹೋಗದೇ ಇರುತ್ತಾರಾ?

ನಿಮ್ಮ ಮನೆಯೊಳಗೆ ಒಮ್ಮೆ ತಿರುಗಿ ನೋಡಿ. ಬಚ್ಚಲಲ್ಲಿ ಬಾಲ್ದಿ, ಅವರ 'ಬಾಲ್ದೆ'. ಬಾಗಿಲಿಗೆ ಚಾವಿ, ಅವರ 'ಶಾವೆ'. ಬಟ್ಟೆ ಇಡುವ ಅಲಮಾರು, ಅವರ 'ಅರ್ಮಾರಿಯು'. ಅಡುಗೆ ಮನೆಯಲ್ಲಿ ಬಟಾಟೆ, ಹಿತ್ತಲಲ್ಲಿ ಅನಾನಸು, ಪಪ್ಪಾಯಿ. ಇಗರ್ಜಿಯಲ್ಲಿ ಪಾದ್ರಿ. ಗೋಡೆ ಕಟ್ಟುವ ಮೇಸ್ತ್ರಿ, ಅವರ 'ಮೇಸ್ತ್ರೆ'. ಹಾಗೆಯೇ 'ಎಸ್ತಿರಾರ್' ಅಂದರೆ ಎಳೆದು ನೇರ ಮಾಡು, ಹಿಗ್ಗಿಸು. ಅದರಿಂದ ಇಸ್ತ್ರಿ. ಮಲಯಾಳದವರ 'ಇಸ್ತಿರಿ'ಯಲ್ಲಿ ಆ 'ತಿ' ಇನ್ನೂ ಉಳಿದಿದೆ, ನೋಡಿ.

ಗಡಿಬಿಡಿ

ಮೇಸ್ತ್ರಿ ಪೋರ್ಚುಗೀಸಾ?! ನಾನು ಇಷ್ಟು ದಿನ ತುಳು ಅಂದುಕೊಂಡಿದ್ದೆ.

ಪೆರ್ಲದವ

ವಿಸ್ತಾರವಾದಿಗಳೇ, ನಿಮ್ಮ ಲೆಕ್ಕದಲ್ಲಿ ಮೇಸ್ತ್ರಿ 'ಮಹಾಸ್ತ್ರೀ'ಯಿಂದ ಬಂದಿರಬೇಕು 😄

ವಿಸ್ತಾರವಾದಿ

ತಮಾಷೆ ಬೇಡ. ಪೋರ್ಚುಗೀಸರು ಇಸ್ತ್ರಿ ಪೆಟ್ಟಿಗೆಗೆ ಏನನ್ನುತ್ತಾರೆ ಹೇಳಿ ನೋಡೋಣ. 'ಫೆರ್ರು' ಅನ್ನುತ್ತಾರೆ, ಅಂದರೆ ಕಬ್ಬಿಣ. ಎಸ್ತಿರಾರ್ ಅನ್ನುವುದೇ ಇಲ್ಲ. ಅವರೇ ಬಳಸದ ಹೆಸರು ನಮಗೆ ಹೇಗೆ ಬಂತು?

ಹಳೇ ಮೇಷ್ಟ್ರು (ನೀರ್ಚಾಲು)

ಒಳ್ಳೆಯ ಪ್ರಶ್ನೆ. ಉತ್ತರ ನಮ್ಮ ಮಾತಿನಲ್ಲಿಯೇ ಇದೆ.

ನಾವು 'ಇಸ್ತ್ರಿ ಮಾಡು', 'ಇಸ್ತ್ರಿ ಹಾಕು' ಅನ್ನುತ್ತೇವೆ. ಅಂದರೆ ಇಸ್ತ್ರಿ ಎಂಬುದು ಕೆಲಸದ ಹೆಸರು, ಸಾಮಾನಿನ ಹೆಸರಲ್ಲ. ಸಾಮಾನಿಗೆ ಹೆಸರು ಬೇಕಾದಾಗ ಹಿಂದೆ 'ಪೆಟ್ಟಿಗೆ' ಸೇರಿಸಿದೆವು. ಧಣಿ 'ಇದನ್ನು ಎಳೆದು ನೇರ ಮಾಡು' ಅಂದಾಗ ಕೆಲಸದವನ ಕಿವಿಗೆ ಬೀಳುವುದು ಕ್ರಿಯಾಪದ. ಅದೇ ನಿಂತಿತು. ಆ ಕಬ್ಬಿಣಕ್ಕೆ ಅವರು ಏನನ್ನುತ್ತಾರೆ ಎಂಬುದು ಅವನಿಗೆ ಬೇಕಾಗಿರಲಿಲ್ಲ.

ಇನ್ನು ಸ್ತೃ ಧಾತು. ಅದರಿಂದ ಪದ ಕಟ್ಟಬಹುದು, ಸರಿ. ಯಾವ ಧಾತುವಿನಿಂದಲೂ ಕಟ್ಟಬಹುದು. ಯಾರು ಬಳಸಿದರು ಎಂಬುದು ಮುಖ್ಯ. ಬಿಸಿ ಕಬ್ಬಿಣದ ಪೆಟ್ಟಿಗೆ ಬರುವ ಮೊದಲು ನಮ್ಮ ಮಡಿವಾಳರು ಗಂಜಿ ಹಾಕಿ, ಮರದ ಕೊಡತಿಯಿಂದ ಬಡಿದು, ಮಡಚಿ ಭಾರ ಇಡುತ್ತಿದ್ದರು. ಆ ಕೆಲಸಕ್ಕೆ ಯಾರೂ ಇಸ್ತ್ರಿ ಅನ್ನಲಿಲ್ಲ.

ಒಂದು ಉಪಕತೆ. ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಪ್ರಬಂಧದಲ್ಲಿ 'ನಾವು ಇಸ್ತ್ರೀಯರನ್ನು ಗೌರವಿಸಬೇಕು' ಎಂದು ಬರೆದಿದ್ದ. ನಾನು ಕೆಂಪು ಶಾಯಿ ಹಾಕಿದೆ. ಮರುದಿನ ಅವನ ಅಪ್ಪ ಬಂದರು. ಅವರದು ಲಾಂಡ್ರಿ ಅಂಗಡಿ. 'ಗೌರವ ಕೊಡಲಿ ಬಿಡಿ ಮೇಷ್ಟ್ರೇ, ಅನ್ನ ಕೊಡುವುದು ಅದೇ ಅಲ್ವಾ' ಅಂದರು.

ಕೊಚ್ಚಿಯಲ್ಲಿ ಕನ್ನಡಿಗ

ಮಧ್ಯೆ ಬಾಯಿ ಹಾಕುತ್ತೇನೆ. ಊರು ಬದಿಯಡ್ಕ, ಕೆಲಸ ಕೊಚ್ಚಿಯಲ್ಲಿ. ಇಲ್ಲಿ ಒಬ್ಬರು ಅದು ಡಚ್ ಪದ ಅಂತ ವಾದ ಮಾಡುತ್ತಾರೆ. ಡಚ್ಚರ ಭಾಷೆಯಲ್ಲಿ ಇಸ್ತ್ರಿ ಹಾಕುವುದಕ್ಕೆ 'ಸ್ಟ್ರೈಕನ್' ಅನ್ನುತ್ತಾರೆ. ಡಚ್ಚರು ಕೊಚ್ಚಿಯಲ್ಲಿ 1663ರಿಂದ 1795ರವರೆಗೆ ಇದ್ದರು. ನಮ್ಮ ಜನ ಸ್ಕೂಲಿಗೆ ಇಸ್ಕೂಲು, ಸ್ಟೇಷನ್ನಿಗೆ ಇಸ್ಟೇಷನ್ ಅನ್ನುವುದಿಲ್ಲವಾ? ಹಾಗೆಯೇ 'ಸ್ಟ್ರೈ'ಗೆ ಮುಂದೆ ಒಂದು 'ಇ' ಸೇರಿ ಇಸ್ತ್ರಿ. ಹೇಗಿದೆ?

ವಿಸ್ತಾರವಾದಿ

ನೋಡಿ! ಪೋರ್ಚುಗೀಸ್ ಅಂದವರು ಈಗ ಡಚ್ ಅನ್ನುತ್ತಿದ್ದಾರೆ. ನಾಳೆ ಜಪಾನ್.

ಕೊಂಕಣಿ ಮಾಯಿ (ಮಂಜೇಶ್ವರ)

ಡಚ್ ವಾದ ಪೂರ್ತಿ ಸುಳ್ಳಲ್ಲ, ಆದರೆ ಅದು ನಮ್ಮ ಊರಿನದಲ್ಲ. ಸಿಂಹಳದಲ್ಲಿ ಇಸ್ತ್ರಿ ಪೆಟ್ಟಿಗೆಗೆ 'ಇಸ್ತಿರಿಕ್ಕಯ' ಅನ್ನುತ್ತಾರೆ. ಇಂಡೋನೇಷ್ಯಾದಲ್ಲಿ 'ಸೆತ್ರಿಕಾ'. ಇವೆರಡೂ ಡಚ್ಚರು ಆಳಿದ ಕಡೆಯವು. ಎರಡರಲ್ಲೂ ಡಚ್ಚರ 'ಕ' ಉಳಿದುಕೊಂಡಿದೆ. ನಮ್ಮ ಇಸ್ತ್ರಿಯಲ್ಲಿ, ಮರಾಠಿ, ತೆಲುಗು, ಹಿಂದಿಯ ಇಸ್ತ್ರಿಯಲ್ಲಿ ಆ 'ಕ' ಎಲ್ಲಿದೆ? ಹುಡುಕಿ ಕೊಡಿ, ಒಂದು ಕೊಟ್ಟೆ ಕಡುಬು ಮಾಡಿ ಕೊಡುತ್ತೇನೆ. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ್ದು.

ಕೊಚ್ಚಿಯಲ್ಲಿ ಕನ್ನಡಿಗ

ಸೋತೆ. ಆದರೂ ಕೊಟ್ಟೆ ಕೊಡಿ.

ಗಡಿಬಿಡಿ

ಒಬ್ಬರೂ ಮುಖ್ಯ ವಿಷಯಕ್ಕೆ ಬರಲಿಲ್ಲ. ಕಾಞಂಗಾಡಿನ ಹುಡುಗಿ ತೇಪು ಅಂದರೆ ಮಲಯಾಳಿ ಹುಡುಗರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ. 'ಅವಳು ತೇಚ್ಚು' ಅಂದರೆ ಪ್ರೀತಿಸಿ ಕೈಕೊಟ್ಟಳು ಅಂತ. 'ತೇಪ್ಪು ಕಿಟ್ಟಿ' ಅಂದರೆ ಕೈಕೊಡಿಸಿಕೊಂಡೆ. ನನ್ನ ಕ್ಲಾಸಿನಲ್ಲಿ ಒಬ್ಬ ಪ್ರೀತಿ ಮುರಿದ ಮರುದಿನ ಅವನ ಬೆಂಚಿನ ಮೇಲೆ ಯಾರೋ ಇಸ್ತ್ರಿ ಪೆಟ್ಟಿಗೆಯ ಚಿತ್ರ ಬರೆದಿಟ್ಟಿದ್ದರು. ಪಾಪ.

ಕುಂಬಳೆ ಕಡಲು

ಅದು ಇಸ್ತ್ರಿಯಿಂದ ಬಂದದ್ದಲ್ಲ. 'ತೇಚ್ಚೊಟ್ಟಿಚ್ಚು' ಅನ್ನುವ ಮಾತಿದೆ. ಬಳಿದು ಗೋಡೆಗೆ ಅಂಟಿಸಿಬಿಟ್ಟಳು ಅಂತ. ಅದೇ ಚಿಕ್ಕದಾಗಿ ತೇಚ್ಚು. ಮಲಯಾಳದಲ್ಲಿ ಹಲ್ಲು ಉಜ್ಜುವುದೂ ತೇಕ್ಕುವುದೇ, ತಲೆಗೆ ಎಣ್ಣೆ ಹಚ್ಚುವುದೂ ತೇಕ್ಕುವುದೇ, ಗೋಡೆಗೆ ಸಿಮೆಂಟು ಬಳಿಯುವುದೂ ತೇಪ್ಪೇ. ನಮ್ಮ ಮನೆ ಕಟ್ಟುವಾಗ ಮೇಸ್ತ್ರಿ 'ನಾಳೆ ತೇಪ್ಪು' ಅಂದರು. ನನ್ನ ಹೆಂಡತಿ ಪುತ್ತೂರಿನವಳು, 'ಇವರು ಯಾಕೆ ನಮ್ಮ ಮನೆಗೆ ಬಂದು ಬಟ್ಟೆಗೆ ಇಸ್ತ್ರಿ ಹಾಕುತ್ತಾರೆ' ಅಂತ ಕೇಳಿದಳು.

ಹೊಸೂರು ಬಸ್‌ಸ್ಟ್ಯಾಂಡ್

ಹೊಸೂರಿನಿಂದ ನಮಸ್ಕಾರ. ನಮ್ಮಲ್ಲೂ ಇದೇ ಕತೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ತೆಲುಗು ಎರಡೂ. ತಮಿಳಿನಲ್ಲಿ ಇಸ್ತ್ರಿ ಹಾಕುವುದಕ್ಕೆ 'ತುಣಿ ತೇಯ್ಕ್ಕಿರದು' ಅನ್ನುತ್ತಾರೆ. ತುಣಿ ಅಂದರೆ ಬಟ್ಟೆ. ಅಂದರೆ ಅವರೂ ಬಟ್ಟೆಯನ್ನು ಗಂಧದ ಹಾಗೆ ತೇಯುತ್ತಾರೆ!

ಬೆಂಗಳೂರಿನವರು ನಗುವ ಹಾಗೇ ಇಲ್ಲ. ಅಲ್ಲಿ ನನ್ನ ಅತ್ತೆ ಮನೆಯ ಬೀದಿಯಲ್ಲಿ 'ಇಸ್ತ್ರಿ ಉಜ್ಜೋನು' ಅಂತಲೇ ಕರೆಯುತ್ತಾರೆ. 'ನಾಲ್ಕು ಪ್ಯಾಂಟ್ ಉಜ್ಜಿಕೊಡಪ್ಪ.' ಉಜ್ಜುವುದು, ತೇಯುವುದು ಎರಡೂ ಒಂದೇ ತಾನೇ?

ಹಳೇ ಮೇಷ್ಟ್ರು (ನೀರ್ಚಾಲು)

ಶಭಾಷ್. ನಾನು ಮೂರು ಪ್ಯಾರಾ ಬರೆದದ್ದನ್ನು ಒಂದು ಸಾಲಿನಲ್ಲಿ ಹೇಳಿದಿರಿ.

ಅಕ್ಕಲಕೋಟೆಯ ಅಕ್ಕ

ನಾವು ಸೊಲ್ಲಾಪುರ ಜಿಲ್ಲೆಯವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ನಮ್ಮ ಕಡೆ ಪರೀಟರು ಬಟ್ಟೆ ಒಯ್ಯುತ್ತಿದ್ದರು. ಗಂಜಿ ಹಾಕಿದ ಧೋತರಕ್ಕೆ 'ಕಡಕ್ ಇಸ್ತ್ರಿ' ಆಗಬೇಕು. ನಮ್ಮಪ್ಪ ಅದನ್ನು ಉಟ್ಟು ನಡೆದರೆ ಚರ್‌ಚರ್ ಅಂತ ಸಪ್ಪಳ ಬರಬೇಕು, ಇಲ್ಲದಿದ್ದರೆ ಸಿಟ್ಟು.

ಬಡವರ ಮನೆಯಲ್ಲಿ ಪೆಟ್ಟಿಗೆ ಎಲ್ಲಿಂದ ಬರಬೇಕು? ನಮ್ಮವ್ವ ಹಿತ್ತಾಳೆ ತಂಬಿಗೆಯಲ್ಲಿ ಕೆಂಡ ತುಂಬಿ, ಬಾಯಿಯನ್ನು ಅರಿವೆಯಿಂದ ಹಿಡಿದು ನಮ್ಮ ಯೂನಿಫಾರ್ಮ್ ತಿಕ್ಕುತ್ತಿದ್ದಳು. ತಂಬಿಗೆಯ ತಳ ದುಂಡಗೆ, ಕಾಲರ್ ಮಾತ್ರ ಎಂದೂ ನೆಟ್ಟಗಾಗುತ್ತಿರಲಿಲ್ಲ. ಆಗಸ್ಟ್ 15ರ ಹಿಂದಿನ ರಾತ್ರಿ ಓಣಿಯಲ್ಲಿ ಎಲ್ಲ ಮನೆಯ ತಂಬಿಗೆಗೂ ಅದೇ ಕೆಲಸ. ಮರುದಿನ ಮುಂಜಾನೆ ಅದೇ ತಂಬಿಗೆಯಲ್ಲಿ ನೀರು ಕುಡಿದರೆ ಬೂದಿಯ ವಾಸನೆ.

ಗಡಿಬಿಡಿ

ಅಕ್ಕಾ, ನಾವು ಹಾಸ್ಟೆಲಿನಲ್ಲಿ ಸ್ಟೀಲ್ ಲೋಟದಲ್ಲಿ ಬಿಸಿನೀರು ಹಾಕಿ ಹಾಗೆ ಮಾಡುತ್ತಿದ್ದೆವು. ಅದೂ ಆಗದಿದ್ದರೆ ಹಾಸಿಗೆಯ ಅಡಿಗೆ ಇಟ್ಟು ಮಲಗುವುದು.

ಆದೋನಿ ಅಣ್ಣ

ಆದೋನಿಯಲ್ಲಿ 'ಇಸ್ತ್ರಿ ಪೆಟ್ಟೆ'. ತೆಲುಗಿನಲ್ಲಿ ಒಗೆದು ಗಂಜಿ ಹಾಕಿದ ಬಟ್ಟೆಗೆ 'ಚಲುವ' ಅಂತ ಬೇರೆ ಮಾತೇ ಇದೆ. ನಮ್ಮ ಕನ್ನಡದ ಅಜ್ಜಿ 'ಚಲುವ ಅಂಗಿ ಹಾಕ್ಕೊಂಡು ಬಂದಾನ ನೋಡು ಚೆಲುವ' ಅಂತ ಒಂದೇ ಬಾಣಕ್ಕೆ ಎರಡು ಹಕ್ಕಿ ಹೊಡೆಯುತ್ತಿದ್ದಳು.

ನನ್ನ ಪ್ರಶ್ನೆ ಬೇರೆ. ಅದು ಪೆಟ್ಟಿಗೆ ಹೇಗೆ? ಈಗಿನದ್ದು ನೋಡಿದರೆ ದೋಣಿಯ ಹಾಗೆ ಇದೆ. ಒಳಗೆ ಏನೂ ಇಡಲಿಕ್ಕೆ ಆಗುವುದಿಲ್ಲ.

ಗೆರಟೆ ಕೆಂಡ (ಮುಳ್ಳೇರಿಯ)

ಈಗಿನದ್ದು ನೋಡಿದರೆ ಹಾಗೆಯೇ ಅನಿಸುತ್ತದೆ. ನಮ್ಮ ಅಜ್ಜನದ್ದು ನೋಡಿದ್ದರೆ ಕೇಳುತ್ತಿರಲಿಲ್ಲ.

ಅದು ನಿಜವಾದ ಪೆಟ್ಟಿಗೆ. ಹಿತ್ತಾಳೆಯದು, ಮೇಲೆ ಮುಚ್ಚಳ, ಹಿಂದೆ ಬಿಜಾಗರಿ, ಮುಂದೆ ಚಿಲಕ. ಆ ಚಿಲಕದ ತುದಿಯಲ್ಲಿ ಒಂದು ಪುಟ್ಟ ಹುಂಜ ನಿಂತಿರುತ್ತಿತ್ತು. ಹುಂಜವನ್ನು ಹಿಡಿದು ತಿರುಗಿಸಿದರೆ ಮುಚ್ಚಳ ತೆರೆಯುತ್ತದೆ. ಒಳಗೆ ತೆಂಗಿನ ಗೆರಟೆಯ ಕೆಂಡ ತುಂಬಬೇಕು. ಸೌದೆಯ ಕೆಂಡ ಆಗದು, ಅದು ಬೇಗ ಬೂದಿಯಾಗುತ್ತದೆ, ಕಿಡಿ ಹಾರುತ್ತದೆ. ಗೆರಟೆಯದು ಒಂದೇ ಸಮ ಕೆಂಪಗೆ ಇರುತ್ತದೆ. ಪಕ್ಕದಲ್ಲಿ ಗಾಳಿಗೆ ಸಾಲಾಗಿ ತೂತು. ಕೆಂಡ ಮಂಕಾದರೆ ಅಜ್ಜ ಅಂಗಳಕ್ಕೆ ಬಂದು ಪೆಟ್ಟಿಗೆಯನ್ನು ಉಯ್ಯಾಲೆಯ ಹಾಗೆ ಮುಂದೆ ಹಿಂದೆ ಬೀಸುತ್ತಿದ್ದರು. ಕತ್ತಲಲ್ಲಿ ಆ ತೂತುಗಳೆಲ್ಲ ಒಟ್ಟಿಗೆ ಕೆಂಪಾಗುವುದನ್ನು ನೋಡಲಿಕ್ಕೆಂದೇ ನಾವು ಮಕ್ಕಳು ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದೆವು.

ಬಿಸಿ ಎಷ್ಟಾಯಿತು ಎಂದು ನೋಡುವುದು ಒದ್ದೆ ಬೆರಳಿನಿಂದ. ಚುಂಯ್ ಅಂದರೆ ಸರಿ. ತಳ ಜಾರದೆ ಎಳೆಯುತ್ತಿದ್ದರೆ ಬಾಳೆಲೆಯ ಮೇಲೆ ಒಮ್ಮೆ ಉಜ್ಜಿ, ಹಳೆ ಬೈರಾಸಿನಲ್ಲಿ ಒರೆಸುವುದು. ಆಗ ಬರುವ ಆ ಬೆಂದ ಬಾಳೆಲೆಯ ಪರಿಮಳ! ಅಂಗಿಗೂ ಸ್ವಲ್ಪ ಹತ್ತುತ್ತಿತ್ತು. ಒಂದು ಸಲ ಮುಚ್ಚಳದ ಸಂದಿನಿಂದ ಬೂದಿ ಬಿದ್ದು ಮಾವನ ಮದುವೆಯ ಬಿಳಿ ಮುಂಡಿನ ಮೇಲೆ ಬೂದು ಗೆರೆ ಆಯಿತು. ಅಜ್ಜ ಏನೂ ಹೇಳದೆ ಆ ಗೆರೆ ಒಳಗೆ ಹೋಗುವ ಹಾಗೆ ಮಡಚಿಟ್ಟರು.

ಆ ಪೆಟ್ಟಿಗೆ ಈಗಿಲ್ಲ. ಗುಜರಿಗೆ ಹೋಯಿತು. ಹುಂಜ ಮಾತ್ರ ಬಿಚ್ಚಿಕೊಂಡಿತ್ತು, ಅದನ್ನು ನಾನು ಪೆನ್ನಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ.

ಕೊಚ್ಚಿಯಲ್ಲಿ ಕನ್ನಡಿಗ

ಪೆಟ್ಟಿಗೆಯ ಬಗ್ಗೆ ಇನ್ನೊಂದು ಮಾತು. ಇಂಗ್ಲಿಷಿನವರು ಬರೀ 'ಐರನ್' ಅನ್ನುತ್ತಾರೆ. 'ಐರನ್ ಬಾಕ್ಸ್' ಅನ್ನುವುದು ನಾವು, ದಕ್ಷಿಣದವರು. ನಮ್ಮ ಆಫೀಸಿಗೆ ಲಂಡನ್ನಿನಿಂದ ಬಂದಿದ್ದ ಒಬ್ಬರು ಹೋಟೆಲಿನ ಹುಡುಗ 'ಐರನ್ ಬಾಕ್ಸ್ ಬೇಕಾ' ಅಂದಾಗ ಕಬ್ಬಿಣದ ತಿಜೋರಿ ಅಂದುಕೊಂಡಿದ್ದರು. ಇಸ್ತ್ರಿ ಪೆಟ್ಟಿಗೆ, ತೇಪ್ಪುಪೆಟ್ಟಿ ಇವನ್ನೇ ನಾವು ಇಂಗ್ಲಿಷಿಗೆ ತಿರುಗಿಸಿಕೊಂಡದ್ದು.

ಹಿಂದೆ ಅವರಲ್ಲೂ 'ಬಾಕ್ಸ್ ಐರನ್' ಇತ್ತು. ಪೊಳ್ಳು ಪೆಟ್ಟಿಗೆಯೊಳಗೆ ಕಾಯಿಸಿದ ಕಬ್ಬಿಣದ ತುಂಡು ಇಡುವುದು. ಆ ಸಾಮಾನು ಹೋಯಿತು, ಅವರ ಮಾತಿನಿಂದ ಬಾಕ್ಸೂ ಹೋಯಿತು. ನಮ್ಮಲ್ಲಿ ಕೆಂಡ ಹೋಯಿತು, ಮುಚ್ಚಳ ಹೋಯಿತು, ಪೆಟ್ಟಿಗೆ ಮಾತ್ರ ಹೋಗಲಿಲ್ಲ.

ಆದೋನಿ ಅಣ್ಣ

ನಮಗೆ ಎಲ್ಲವೂ ಪೆಟ್ಟಿಗೆಯೇ. ಟಿವಿ ಮೂರ್ಖರ ಪೆಟ್ಟಿಗೆ. ಫ್ರಿಡ್ಜು ತಂಗಳು ಪೆಟ್ಟಿಗೆ.

ಗಡಿಬಿಡಿ

ತಂಗಳು ಪೆಟ್ಟಿಗೆ 😂😂 ಇದನ್ನು ಇವತ್ತೇ ಅತ್ತೆಗೆ ಹೇಳುತ್ತೇನೆ. ನಮ್ಮದರಲ್ಲಿ ಮೂರು ದಿನದ ಸಾಂಬಾರು ಇದೆ.

ಪೆರ್ಲದವ

ಹಾಗಾದರೆ ಮಿಕ್ಸಿ ಯಾವ ಭಾಷೆ?

ಹೊಸೂರು ಬಸ್‌ಸ್ಟ್ಯಾಂಡ್

ನಮ್ಮದೇ. ಮಿಕ್ಸರಿನ ಬಾಲ ಕತ್ತರಿಸಿ ಮುದ್ದು ಹೆಸರು ಇಟ್ಟದ್ದು. ಅಮೆರಿಕಾದ ಅಂಗಡಿಯಲ್ಲಿ ಮಿಕ್ಸಿ ಕೇಳಿದರೆ ಕಣ್ಣು ಕಣ್ಣು ಬಿಡುತ್ತಾರೆ, ಅಲ್ಲಿಯದು ಬ್ಲೆಂಡರ್. ಸಾಮಾನೂ ನಮ್ಮದೇ ಅನ್ನಬೇಕು. ಸತ್ಯಪ್ರಕಾಶ್ ಮಾಥುರ್ ಎಂಬ ಎಂಜಿನಿಯರ್ 1960ರ ದಶಕದಲ್ಲಿ, ಹೆಂಡತಿಯ ಜರ್ಮನ್ ಮಿಕ್ಸರ್ ಕೆಟ್ಟಾಗ, ನಮ್ಮ ಮಸಾಲೆಗೂ ಹಿಟ್ಟಿಗೂ ತಾಳುವ ಮೋಟಾರು ಹಾಕಿ ಹೊಸದು ಮಾಡಿದರು. ಅದೇ ಸುಮೀತ್. ನಮ್ಮಮ್ಮ ಎಷ್ಟೋ ವರ್ಷ ಮಿಕ್ಸಿಗೆ 'ಸುಮೀತು' ಅಂತಲೇ ಅನ್ನುತ್ತಿದ್ದಳು.

ಕುಂಬಳೆ ಕಡಲು

ಗೀಸರ್ ಯಾರಾದರೂ ಹೇಳಿ, ಅದೂ ಆಗಿಬಿಡಲಿ.

ಕೊಚ್ಚಿಯಲ್ಲಿ ಕನ್ನಡಿಗ

ಐಸ್‌ಲ್ಯಾಂಡಿನಲ್ಲಿ 'ಗೇಸಿರ್' ಎಂಬ ಬಿಸಿನೀರಿನ ಚಿಲುಮೆ ಇದೆ. ಬೆಂಜಮಿನ್ ವ್ಯಾಡಿ ಮಾನ್ ಎಂಬವರು 1868ರಲ್ಲಿ ಲಂಡನ್ನಿನಲ್ಲಿ ಗ್ಯಾಸಿನಿಂದ ನೀರು ಕಾಯಿಸುವ ಯಂತ್ರ ಮಾಡಿ ಆ ಹೆಸರಿಟ್ಟರು. ನಮ್ಮೂರ ಬಚ್ಚಲಿನ ಹಂಡೆಗೆ ಅಷ್ಟೆಲ್ಲ ಚರಿತ್ರೆ ಇಲ್ಲ, ಒಲೆಗೆ ಅಡಿಕೆ ಸಿಪ್ಪೆ ಹಾಕಿದರೆ ಸಾಕು.

ಪೆರ್ಲದವ

ಹಂಡೆಯ ನೀರಿನ ಸ್ನಾನಕ್ಕೆ ಗೀಸರ್ ಎಲ್ಲಿ ಸಮ. ಮಳೆಗಾಲದಲ್ಲಿ ಬಚ್ಚಲೊಲೆಯ ಎದುರು ಕುಳಿತು ಹಲಸಿನ ಬೇಳೆ ಸುಟ್ಟು ತಿಂದವರಿಗೇ ಗೊತ್ತು.

ಕರೆಂಟ್ ಮೇಸ್ತ್ರಿ (ಉಪ್ಪಳ)

ನಾನ್ಯಾಕೆ ಸುಮ್ಮನಿರಲಿ, ಹೆಸರಲ್ಲಿಯೇ ಪೋರ್ಚುಗೀಸ್ ಇಟ್ಟುಕೊಂಡವನು. ಮೂವತ್ತು ವರ್ಷದಿಂದ ಇಂಥ ಪೆಟ್ಟಿಗೆ ಬಿಚ್ಚುತ್ತಿದ್ದೇನೆ.

ಕರೆಂಟಿನ ಇಸ್ತ್ರಿ ಪೆಟ್ಟಿಗೆಗೆ 1882ರಲ್ಲಿಯೇ ಪೇಟೆಂಟ್ ಆಗಿದೆ. ನ್ಯೂಯಾರ್ಕಿನ ಹೆನ್ರಿ ಸೀಲಿ ಎಂಬವರದ್ದು. ಆಗ ಹೆಚ್ಚಿನ ಮನೆಗಳಲ್ಲಿ ಕರೆಂಟೇ ಇರಲಿಲ್ಲ, ಇಸ್ತ್ರಿ ಮೊದಲು ಬಂತು!

ಈಗಿನ ಸಾದಾ ಪೆಟ್ಟಿಗೆಯಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಕರೆಂಟಿಗೆ ಕಾಯುವ ನೈಕ್ರೋಮ್ ತಂತಿ, ಅದರ ಎರಡು ಕಡೆ ಕಾಗೆಬಂಗಾರದ (ಮೈಕಾ) ಹಾಳೆ. ಕಾಗೆಬಂಗಾರ ಬಿಸಿಯನ್ನು ತಡೆದುಕೊಳ್ಳುತ್ತದೆ, ಕರೆಂಟನ್ನು ಬಿಡುವುದಿಲ್ಲ. ಮತ್ತೆ ಥರ್ಮೋಸ್ಟಾಟ್. ಎರಡು ಬೇರೆ ಬೇರೆ ಲೋಹದ ಪಟ್ಟಿ ಬೆನ್ನಿಗೆ ಬೆನ್ನು ಅಂಟಿಸಿರುತ್ತಾರೆ. ಬಿಸಿಗೆ ಒಂದು ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಆಗ ಪಟ್ಟಿ ಬಾಗಿ ಕರೆಂಟು ಕಡಿಯುತ್ತದೆ. ತಣಿದರೆ ಮತ್ತೆ ಹಿಡಿಯುತ್ತದೆ. ನಡುನಡುವೆ 'ಟಿಕ್' ಅನ್ನುವುದು ಅದೇ. ಡಯಲಿನ ಮೇಲೆ ಚುಕ್ಕಿ ಇರುತ್ತದೆ. ಒಂದು ಚುಕ್ಕಿ ಅಂದರೆ 110 ಡಿಗ್ರಿ, ನೈಲಾನಿಗೆ. ಎರಡು 150, ಉಣ್ಣೆಗೆ, ಪಾಲಿಯೆಸ್ಟರಿಗೆ. ಮೂರು 200, ಹತ್ತಿ ಬಟ್ಟೆಗೆ. ಎಲ್ಲರೂ ಮೂರು ಚುಕ್ಕಿಗೆ ಇಟ್ಟು ಸೀರೆ ಸುಟ್ಟುಕೊಂಡು ನನ್ನ ಹತ್ತಿರ ಬರುತ್ತಾರೆ. ಸೀರೆಗೆ ನಾನೇನು ಮಾಡಲಿ?

ಹೋದ ವರ್ಷ ನಾನೇ ಒಂದು ಅಂಗಡಿಯಿಂದ ಹೊಸದು ತಂದೆ. ಮೂರನೇ ದಿನ ಮುಟ್ಟಿದರೆ ಜುಂ. ಬಿಚ್ಚಿ ನೋಡಿದರೆ ಅರ್ತ್ ವಯರನ್ನು ಎಲ್ಲಿಗೂ ಕೊಟ್ಟೇ ಇಲ್ಲ, ಸುಮ್ನೆ ಮಡಚಿ ಒಳಗೆ ತುರುಕಿದ್ದಾರೆ. ಅಂಗಡಿಯವನು 'ನೀವೇ ಬಿಚ್ಚಿದ್ದೀರಿ, ಗ್ಯಾರಂಟಿ ಇಲ್ಲ' ಅಂದ. ಮೇಸ್ತ್ರಿಗೇ ತೇಪ್ಪು!

ಗಡಿಬಿಡಿ

ಮೇಸ್ತ್ರಿಗೇ ತೇಪ್ಪು 👏 ಇದಕ್ಕೇ ನಾನು ಕಾಯುತ್ತಿದ್ದೆ.

ಆದೋನಿ ಅಣ್ಣ

ಕಾಗೆಬಂಗಾರ ನಮ್ಮ ಆಂಧ್ರದ್ದು ಸ್ವಾಮಿ. ನೆಲ್ಲೂರಿನ ಕಡೆ ಗಣಿ ಇದೆ. ನಿಮ್ಮ ಇಸ್ತ್ರಿಯೊಳಗೆ ನಾವೂ ಇದ್ದೇವೆ ಅಂತ ಇಟ್ಟುಕೊಳ್ಳಿ.

ಹೊಸೂರು ಬಸ್‌ಸ್ಟ್ಯಾಂಡ್

ನಮ್ಮ ತಮಿಳುನಾಡಿನದ್ದೂ ಒಂದು ಹೇಳುತ್ತೇನೆ. ತಿರುವಣ್ಣಾಮಲೈಯ ವಿನೀಶಾ ಉಮಾಶಂಕರ್ ಎಂಬ ಶಾಲಾ ಹುಡುಗಿ ಇಸ್ತ್ರಿಯವರ ಗಾಡಿಗೆ ಸೋಲಾರ್ ಹೊಂದಿಸಿದ್ದಳು. ದಿನವಿಡೀ ಇದ್ದಲು ಸುಟ್ಟು ಹೊಗೆ ಕುಡಿಯುವುದು ತಪ್ಪಲಿ ಅಂತ. 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ದೊಡ್ಡ ದೊಡ್ಡ ಮಂದಿಯ ಎದುರು ಭಾಷಣ ಮಾಡಿದಳು.

ಗೆರಟೆ ಕೆಂಡದವರ ಅಜ್ಜನ ಕತೆ ಓದಿ ಕಣ್ಣು ತುಂಬಿತು, ನಿಜ. ಆದರೆ ದಿನಕ್ಕೆ ನೂರು ಬಟ್ಟೆ ಉಜ್ಜುವವನಿಗೆ ಆ ಕೆಂಡ ಪರಿಮಳ ಅಲ್ಲ.

ಗೆರಟೆ ಕೆಂಡ (ಮುಳ್ಳೇರಿಯ)

ಒಪ್ಪಿದೆ. ಅಜ್ಜನಿಗೂ ಕೊನೆಗೆ ಬಲಗೈ ಮೇಲೆ ಎತ್ತಲಿಕ್ಕೆ ಆಗುತ್ತಿರಲಿಲ್ಲ. ಆ ಹಿತ್ತಾಳೆಯದ್ದು ಆರೇಳು ಕಿಲೋ ಇತ್ತು.

ವಿಸ್ತಾರವಾದಿ

ಎಲ್ಲ ಓದಿದೆ. 'ಇಸ್ತ್ರಿ ಕೆಲಸದ ಹೆಸರು, ಸಾಮಾನಿನದ್ದಲ್ಲ' ಎಂಬ ಮಾತು ಸರಿ ಕಾಣುತ್ತದೆ. ಆದರೂ ಸ್ತೃ ಧಾತುವನ್ನು ನಾನು ಕೈಬಿಡುವುದಿಲ್ಲ. ಇಂಡೋ-ಯುರೋಪಿಯನ್ ಮೂಲದಲ್ಲಿ ಎಲ್ಲೋ ಹೋಗಿ ಸೇರುತ್ತದೆ, ನೋಡುತ್ತಾ ಇರಿ.

ಪೆರ್ಲದವ

ನಿಮಗೆ ಕಡಕ್ ಇಸ್ತ್ರಿ ಆಗಿದೆ, ಎಷ್ಟು ಮಡಚಿದರೂ ಬಾಗುವುದಿಲ್ಲ.

ಅರಳಿಕಟ್ಟೆ (ಕಾಞಂಗಾಡು)

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಜನ ಬರುತ್ತೀರಿ ಅಂದುಕೊಂಡಿರಲಿಲ್ಲ.

ಮಗಳಿಗೆ ಎಲ್ಲ ಓದಿ ಹೇಳಿದೆ. ಅವಳು ಮಂಡ್ಯದ ಹುಡುಗಿಗೆ 'ನಂದು ಗಂಧ ತೇಯೋ ಕನ್ನಡ, ನಿಂದು ಪೋರ್ಚುಗೀಸ್' ಅಂದಳಂತೆ. ಆ ಹುಡುಗಿ ಎರಡು ನಿಮಿಷ ಫೋನ್‌ನಲ್ಲಿ ಹುಡುಕಿ, 'ಬಾಲ್ದಿ ಅನ್ನೋರು ನೀವು, ಬಕೆಟ್ ಅನ್ನೋರು ನಾವು, ಪೋರ್ಚುಗೀಸ್ ಯಾರು?' ಅಂತ ತಿರುಗಿ ಕೇಳಿದಳಂತೆ. ಈಗ ಇಬ್ಬರೂ ದೋಸ್ತಿ. ಪಿಜಿಯಲ್ಲಿ ಎಲ್ಲರೂ ತೇಪೆಟ್ಟಿ ಅನ್ನಲಿಕ್ಕೆ ಶುರು ಮಾಡಿದ್ದಾರೆ.

ಇನ್ನೊಂದು. ಈ ಚರ್ಚೆ ಓದಿ ಇವತ್ತು ಅಟ್ಟ ಹತ್ತಿದೆ. ನಮ್ಮ ಅಜ್ಜನ ಹಿತ್ತಾಳೆ ಪೆಟ್ಟಿಗೆ ಅಲ್ಲೇ ಇದೆ! ಒಳಗೆ ಇಲಿ ಗೂಡು ಕಟ್ಟಿತ್ತು. ಹುಣಸೆಹುಳಿ ಹಾಕಿ ತಿಕ್ಕಿದೆ, ಪಳಪಳ ಅನ್ನುತ್ತಿದೆ. ಆದರೆ ಮುಂದಿನ ಚಿಲಕದ ತುದಿ ಬೋಳು. ತಿರುಪಿನ ತೂತು ಮಾತ್ರ ಇದೆ, ಹುಂಜ ಇಲ್ಲ.

ಗೆರಟೆ ಕೆಂಡ (ಮುಳ್ಳೇರಿಯ)

ತೂತಿನ ಅಗಲ ಎಷ್ಟಿದೆ, ಅಳೆದು ಹೇಳಿ.

ಅರಳಿಕಟ್ಟೆ (ಕಾಞಂಗಾಡು)

ಕಾಲು ಇಂಚಿಗಿಂತ ಸ್ವಲ್ಪ ಕಡಿಮೆ.

ಗೆರಟೆ ಕೆಂಡ (ಮುಳ್ಳೇರಿಯ)

ಭಾನುವಾರ ಕಾಞಂಗಾಡಿಗೆ ಬರುವ ಕೆಲಸ ಇದೆ. ಪೆನ್ನಿನ ಡಬ್ಬಿ ತರುತ್ತೇನೆ.

ಕರೆಂಟ್ ಮೇಸ್ತ್ರಿ (ಉಪ್ಪಳ)

ವಾಶರ್ ಬೇಕಾದರೆ ಹೇಳಿ.